ಜಿ.ಇ. ಪರೀಕ್ಷೆಗೆ ಬಂದ ನೆಂಟರು

ಮುಂಬಯಿಯ ನಮ್ಮ ಕಾಂದಿವಲಿ ಫ್ಲ್ಯಾಟಿನ ಅಡುಗೆಮನೆಯಲ್ಲಿ ಒಂದು ಹಳೆಯ ಜ್ಯಾಮ್ ಬಾಟಲಿ ಇದೆ. ಅದರ ತಗಡಿನ ಮುಚ್ಚಳದ ತುಂಬ ಮೊಳೆ ಹೊಡೆದು ಮಾಡಿದ ತೂತುಗಳು. ನಾನು ಅದರಲ್ಲಿ ರಂಗೋಲಿ ಪುಡಿ ತುಂಬಿಟ್ಟುಕೊಂಡು, ಹಬ್ಬದ ದಿನ ಬಾಗಿಲ ಮುಂದೆ ಟೋಸ್ಟಿನ ಮೇಲೆ ಪೆಪ್ಪರ್ ಉದುರಿಸಿದ ಹಾಗೆ ಉದುರಿಸುತ್ತೇನೆ. ಕಾನ್ವೆಂಟಿನಲ್ಲಿ ಓದಿದ ನನಗೆ ರಂಗೋಲಿಯ ವಿದ್ಯೆ ಹತ್ತಲಿಲ್ಲ. ಅಕ್ಕಪಕ್ಕದವರೂ ಅದನ್ನು ರಂಗೋಲಿ ಎಂದು ಗುರುತಿಸುವುದಿಲ್ಲ. "ಆಂಟಿ, ನಿಮ್ಮ ಡೋರ್ ಮುಂದೆ ಏನೋ ಚೆಲ್ಲಿದೆ" ಎಂದು ಬೆಲ್ ಹೊಡೆದು ಹೇಳಿ ಹೋಗುತ್ತಾರೆ.

ಈ ಬಾಟಲಿಯನ್ನು ಬಿಸಾಡಲು ನನ್ನ ಸೊಸೆ ಪ್ರತಿ ದೀಪಾವಳಿಗೆ ಪ್ರಯತ್ನಿಸುತ್ತಾಳೆ, ನಾನು ಪ್ರತಿ ದೀಪಾವಳಿಗೆ ಕಸದ ಡಬ್ಬಿಯಿಂದ ಎತ್ತಿ ತರುತ್ತೇನೆ. ಈ ಸಲ ಹಾಗೆ ಎತ್ತಿ ತಂದು ತೊಳೆಯುತ್ತಿರುವಾಗಲೇ ಮೊಮ್ಮಗಳು ಇರಾ ಕಾಲೇಜಿನಿಂದ ಬಂದು ಬ್ಯಾಗು ಎಸೆದು ಸೋಫಾದ ಮೇಲೆ ಬಿದ್ದಳು. ಅವಳು ಓದುವುದು ಅಕೌಂಟ್ಸ್. ಆದರೆ ಯೂನಿವರ್ಸಿಟಿಯವರು, ಅಕೌಂಟ್ಸ್ ಜೊತೆಗೆ ಅಕೌಂಟ್ಸಿಗೆ ಸಂಬಂಧವಿಲ್ಲದ್ದೂ ಒಂದು ಕಲಿಯಲೇಬೇಕು, ಇಲ್ಲದಿದ್ದರೆ ಡಿಗ್ರಿ ಇಲ್ಲ ಅಂದಿದ್ದಾರಂತೆ. ಅವಳಿಗೆ ಸಿಕ್ಕಿದ್ದು ಮಡಕೆ ಮಾಡುವುದು.

"ಅಜ್ಜಿ, ಮೈ ಅಕೌಂಟ್ಸ್ ವಾಲೀ ಹೂಂ ನಾ. ನನಗೆ ಪಾಟರಿ ಕ್ಯೂಂ? ಇಟ್ಸ್ ಸೋ ಪಾಯಿಂಟ್‌ಲೆಸ್."

ಪಾಯಿಂಟ್‌ಲೆಸ್ ಅಂತೆ. ನಾನು ಕೈಯಲ್ಲಿದ್ದ ಬಾಟಲಿ ನೋಡಿದೆ. ನಗು ಬಂತು. ಮಗು, ನಿನಗೆ ಮಣ್ಣು ಕೊಟ್ಟಿದ್ದಾರೆ. ನಮಗೆ ಜಿರಳೆ ಕೊಟ್ಟಿದ್ದರು.

ಕೊಟ್ಟಿದ್ದರು ಅನ್ನುವುದೂ ತಪ್ಪು. ಮನೆಯಿಂದಲೇ ತರಬೇಕಿತ್ತು.

ಅದು ಎಪ್ಪತ್ತರ ದಶಕ ಆಗಷ್ಟೇ ಕಣ್ಣು ಬಿಟ್ಟಿದ್ದ ಕಾಲ. ನಾವು ಸಯನ್‌ನಲ್ಲಿ, ಸ್ಟೇಷನ್ನಿನಿಂದ ಗಾಡಿಯ ಸದ್ದು ಕೇಳುವಷ್ಟು ಹತ್ತಿರದ ಒಂದು ಬಿಲ್ಡಿಂಗಿನಲ್ಲಿದ್ದೆವು. ನಾನು ಓದುತ್ತಿದ್ದದ್ದು ಸಿಸ್ಟರ್‌ಗಳು ನಡೆಸುವ ಹುಡುಗಿಯರ ಕಾಲೇಜು. ಅಲ್ಲಿ ಜಿ.ಇ. ಎಂಬುದೊಂದು ಇತ್ತು, ಜನರಲ್ ಎಜುಕೇಶನ್. ಆರ್ಟ್ಸ್ ಹುಡುಗಿಗೆ ಎರೆಹುಳು ಗೊತ್ತಿರಬೇಕು, ಸೈನ್ಸ್ ಹುಡುಗಿಗೆ ಕವಿತೆ ಗೊತ್ತಿರಬೇಕು, ಆಗಲೇ ಅವರು ಪೂರ್ಣ ಮನುಷ್ಯರು ಎಂಬುದು ಸಿಸ್ಟರ್‌ಗಳ ನಂಬಿಕೆ. ಹಾಗಾಗಿ ಆಸಿಡ್ಡಿಗೆ ಹೆದರದ ಕೆಮಿಸ್ಟ್ರಿ ಹುಡುಗಿಯರು ಕಾರಿಡಾರಿನಲ್ಲಿ ಪದ್ಯ ಬಾಯಿಪಾಠ ಮಾಡುತ್ತ ಅಳುತ್ತಿದ್ದರು. ನಾವು ಒಳಗೆ ಲ್ಯಾಬಿನಲ್ಲಿ ಪ್ರಿಸಂ ಹಿಡಿದು, ಕಾಮನಬಿಲ್ಲು ಕಾಣಿಸದಿದ್ದರೂ "ಯೆಸ್ ಸಿಸ್ಟರ್, ವೆರಿ ಪ್ರೆಟಿ" ಅನ್ನುತ್ತಿದ್ದೆವು.

ನನ್ನ ವಿಜ್ಞಾನದ ಮಟ್ಟ ಹೇಳಿಬಿಡುತ್ತೇನೆ. ಕಾನ್ವೆಂಟಿನ ಕೃಪೆಯಿಂದ ನನಗೆ ಇಂಗ್ಲೆಂಡಿನ ಹೂವುಗಳ ಹೆಸರೆಲ್ಲ ಗೊತ್ತಿತ್ತು. ಬ್ಲೂಬೆಲ್ ಯಾವ ತಿಂಗಳಲ್ಲಿ ಅರಳುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ನಮ್ಮ ಬಾಲ್ಕನಿಯ ಡಬ್ಬದಲ್ಲಿದ್ದದ್ದು ಒಂದೆಲಗವೋ ದೊಡ್ಡಪತ್ರೆಯೋ ಎಂದು ಅವ್ವ ಕೇಳಿದಾಗ "ಪ್ಲಾಂಟ್" ಎಂದಿದ್ದೆ.

ಇದೆಲ್ಲ ತಮಾಷೆಯಾಗಿಯೇ ಮುಗಿಯುತ್ತಿತ್ತು, ಊರಲ್ಲಿ ದೊಡ್ಡಪ್ಪ ಇಲ್ಲದಿದ್ದರೆ. ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ, ಧಾರವಾಡದಲ್ಲಿ ಸರಕಾರಿ ಕಚೇರಿಯ ಹೆಡ್ ಕ್ಲಾರ್ಕ್ ಆಗಿ ರಿಟೈರ್ ಆದವರು. ನಗುವುದಕ್ಕೂ ಮೇಲಿನಿಂದ ಮಂಜೂರಾತಿ ಬರಬೇಕು ಎಂದು ತಿಳಿದವರಂತೆ ಇರುತ್ತಿದ್ದರು. ನಾನು ಎಸ್.ಎಸ್.ಸಿ. ಮುಗಿಸಿದಾಗಲೇ ಬಂದು, ಇನ್ನು ಓದು ಸಾಕು, ಲಗ್ನ ಮಾಡೋಣ ಅಂದಿದ್ದರು. ಅಪ್ಪ ಮೆತ್ತಗೆ, "ಹುಡುಗಿ ಶಾಣ್ಯಾಕಿ ಇದ್ದಾಳ ಅಣ್ಣಾ" ಅಂದರು.

"ಶಾಣ್ಯಾಕಿ ಇದ್ರ ಓದ್ಲಿ. ನಾ ಯಾಕ ಬ್ಯಾಡ ಅನ್ಲಿ? ಒಂದ ಪೇಪರಿನ್ಯಾಗ ಫೇಲ್ ಆದ್ಲು ಅಂದ್ರ ಮಾತ್ರ ಧಾರವಾಡಕ್ಕ ಕರಕೊಂಡ ಬಾ. ವರ ನಾ ನೋಡ್ತೀನಿ."

"ಆತು ಅಣ್ಣಾ."

ಅಪ್ಪ ಅಣ್ಣನಿಗೆ ಕೊಟ್ಟ ಮಾತು ತಪ್ಪಿದವರಲ್ಲ. ಹೀಗಾಗಿ ಕಾಲೇಜಿನ ಎರಡನೆಯ ವರ್ಷವಾದ ಇಂಟರ್ ಆರ್ಟ್ಸಿನಲ್ಲಿ ಉಳಿದ ವಿಷಯಗಳಲ್ಲಿ ನಾನು ಏನೇ ಮಾಡಿದರೂ, ಜಿ.ಇ. ಹೋಯಿತೆಂದರೆ ಜೂನಿಯರ್ ಬಿ.ಎ. ಇಲ್ಲ. ನಾನು ಎರಡು ವರ್ಷದಿಂದ ಕನಸು ಕಾಣುತ್ತಿದ್ದ ಇಂಗ್ಲಿಷ್ ಲಿಟರೇಚರ್ ಕ್ಲಾಸು ಅಲ್ಲಿಂದಲೇ ಶುರುವಾಗುವುದು. ಈ ಕಡೆ ಲಿಟರೇಚರ್, ಆ ಕಡೆ ಧಾರವಾಡದ ವರ, ನಡುವೆ ಒಂದು ಜಿರಳೆ.

ಪ್ರ್ಯಾಕ್ಟಿಕಲ್ ಪರೀಕ್ಷೆಗೆ ಎರಡು ದಿನ ಮೊದಲು ಸಿಸ್ಟರ್ ರೋಸಲಿನ್ ಕ್ಲಾಸಿಗೆ ಬಂದು ಹೇಳಿದರು. ಪ್ರತಿಯೊಬ್ಬಳೂ ಪೂರ್ಣ ಬೆಳೆದ, ಎರಡೂ ಮೀಸೆ ಸರಿಯಾಗಿರುವ, ಜೀವಂತ ಜಿರಳೆಯೊಂದನ್ನು ತರತಕ್ಕದ್ದು. ಲ್ಯಾಬಿನಲ್ಲಿ ಅದಕ್ಕೆ ಕ್ಲೋರೋಫಾರ್ಮ್ ಕೊಟ್ಟು, ಕೊಯ್ದು, ಬಾಯಿಯ ಭಾಗಗಳನ್ನು ಬಿಡಿಸಿ ಗಾಜಿನ ಮೇಲೆ ಜೋಡಿಸಿ ತೋರಿಸಬೇಕು.

ನನ್ನ ಗೆಳತಿ ಫ್ರೇನಿ, ದಾದರಿನ ಪಾರಸಿ ಹುಡುಗಿ, ಡೆಸ್ಕಿನ ಕೆಳಗಿನಿಂದ ನನ್ನ ಕೈ ಹಿಡಿದಳು. "ಸುಮಿ ಡಾರ್ಲಿಂಗ್, ನಮ್ಮ ಮನೆಯಲ್ಲಿ ಇಲ್ಲ. ಮಮ್ಮಾ ಇಂಥದನ್ನೆಲ್ಲ ಅಲೌ ಮಾಡಲ್ಲ. ಯುವರ್ ಬಿಲ್ಡಿಂಗ್ ಮಸ್ಟ್ ಬಿ ಹ್ಯಾವಿಂಗ್ ಲಾಟ್ಸ್, ನಾ? ನನಗೂ ಒಂದು ತಾ."

ಅವಳು ನಮ್ಮ ಬಿಲ್ಡಿಂಗನ್ನು ಹೊಗಳಿದ್ದಲ್ಲ ಎಂದು ಮನೆ ಮುಟ್ಟಿದ ಮೇಲೆ ಹೊಳೆಯಿತು.

ನಮ್ಮಲ್ಲಿ ಜಿರಳೆಗೆ ಬರವೇ? ಅವಕ್ಕೆ ಯಮನಾಗಿ ಇದ್ದವಳು ನಮ್ಮ ಅಜ್ಜಿ, ಅಪ್ಪನ ತಾಯಿ. ಅಡುಗೆಮನೆ ಅಜ್ಜಿಯ ರಾಜ್ಯ. ಒಂಬತ್ತು ಗಜದ ಸೀರೆ ಉಟ್ಟು ಮಡಿಯಲ್ಲಿ ಓಡಾಡುತ್ತ, ಒಂದು ಕೈಯಲ್ಲಿ ಒಗ್ಗರಣೆ ಹಾಕಿ, ಇನ್ನೊಂದು ಕೈಯಲ್ಲಿ ಸುರುಳಿ ಸುತ್ತಿದ ಹಳೇ ಪೇಪರಿನಿಂದ ಜಿರಳೆ ಹೊಡೆಯುತ್ತಿದ್ದಳು. ಸಾಸಿವೆ ಸಿಡಿಯುವುದಕ್ಕೂ ಪೇಪರು ಬೀಳುವುದಕ್ಕೂ ಒಂದು ತಾಳ ಇರುತ್ತಿತ್ತು. ಆದರೆ ಅಜ್ಜಿಯ ಕೈಯಿಂದ ಬರುವ ಜಿರಳೆಗೆ ಎರಡು ಮೀಸೆ ಹಾಗಿರಲಿ, ಆಕಾರವೇ ಇರುತ್ತಿರಲಿಲ್ಲ. ಆದ್ದರಿಂದ ಅವ್ವ ಜ್ಯಾಮ್ ಬಾಟಲಿ ಹಿಡಿದು, ನಾನು ಸ್ಟೂಲಿನ ಮೇಲೆ ನಿಂತು ಕಿರುಚಿ, ಹೇಗೋ ಕೆರೋಸಿನ್ ಸ್ಟೋವಿನ ಹಿಂದಿನಿಂದ ಎರಡನ್ನು ಹಿಡಿದೆವು. ಅಪ್ಪ ಮುಚ್ಚಳಕ್ಕೆ ಮೊಳೆ ಹೊಡೆದು ತೂತು ಮಾಡಿಕೊಟ್ಟರು. ಬಾಟಲಿಯನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು ನಾನು ನೋಟ್ಸು ಓದಲು ಕೂತೆ.

ನಾನು ಮಾಡಿದ ತಪ್ಪು ಅದೇ. ಬಾಟಲಿಯನ್ನು ಅಡುಗೆಮನೆಯಲ್ಲಿಡಬಾರದಿತ್ತು. ನಮ್ಮ ಅಜ್ಜಿ ತನ್ನ ಅಡುಗೆಮನೆಯಲ್ಲಿ ಸುಮ್ಮನೆ ಕೂತವರನ್ನು ನೋಡಲಾರದವಳು. ಮೀಟರ್ ನೋಡಲು ಬಂದವನೂ ಅವಲಕ್ಕಿ ತಿಂದೇ ಹೋಗಬೇಕು. ಮರುದಿನ ಬೆಳಿಗ್ಗೆ ನೋಡುತ್ತೇನೆ, ಬಾಟಲಿಯೊಳಗೆ ಒಂದು ಚೂರು ಜೋಳದ ರೊಟ್ಟಿ, ಅದರ ಮೇಲೆ ಬೆರಳ ತುದಿಯಷ್ಟು ಶೇಂಗಾ ಚಟ್ನಿ. ನೆಂಟರು ಉಣ್ಣುತ್ತಿದ್ದರು.

"ಅಜ್ಜಿ, ಇದೇನ ಮಾಡೀದಿ?"

"ನಿನ್ನಿ ಸಂಜಿಯಿಂದ ಉಪವಾಸ ಕೂತಾವಲ್ಲೇ. ನೋಡ್ಲಿಕ್ಕಾಗಲಿಲ್ಲ. ಚಟ್ನಿ ಸೇರ್ತದ ಅವಕ್ಕ. ಅದ್ಸರಿ, ಎಷ್ಟ ದಿನ ಇರ್ತಾವ?"

"ನಾಳೆ ಪರೀಕ್ಷಾಕ್ಕ ಒಯ್ತೀನಿ. ಕೊಯ್ಯಬೇಕು."

ಅಜ್ಜಿ ಸೌಟು ಕೆಳಗಿಟ್ಟಳು. ಅಜ್ಜಿ ಸೌಟು ಕೆಳಗಿಡುವುದೆಂದರೆ ಹೈಕೋರ್ಟು ಕಲಾಪ ನಿಂತ ಹಾಗೆ.

"ಕೊಯ್ಯೂದು? ನಮ್ಮನಿ ಅನ್ನ ಉಂಡಾವ ಅವು. ಇನ್ನ ಕೊಯ್ಯೂದ ಆಗಂಗಿಲ್ಲ."

ಅಪ್ಪ ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದವರು ಹಾಗೇ ಬಂದರು. ಆಫೀಸಿನಲ್ಲಿ ಅಪ್ಪ ದೊಡ್ಡ ವಿಚಾರವಾದಿ ಎಂದು ಹೆಸರು. "ಅವ್ವಾ, ನಿನ್ನೆ ಸಂಜಿಕ ನೀನ ಎಷ್ಟೋ ಹೊಡದೀಯಲ್ಲ. ಅವೂ ಜಿರಳೀನ, ಇವೂ ಜಿರಳೀನ."

"ಅವು ಕದ್ದ ತಿಂದಿದ್ದು. ಇವಕ್ಕ ನಾ ಬಡಿಸೀನಿ."

ಅಪ್ಪ ಉತ್ತರಕ್ಕೆ ಬಾಯಿ ತೆರೆದರು. ಸೋಪು ಬಾಯಿಗೆ ಹೋಯಿತು. ಒಳಗೆ ಹೋದರು.

ನಾನು ಬಾಟಲಿ ಕೈಗೆತ್ತಿಕೊಂಡೆ. "ಆತು ಅಜ್ಜಿ, ಇವನ್ನ ಬಿಟ್ಟಬಿಡ್ತೀನಿ. ಬ್ಯಾರೆ ಎರಡು ಹಿಡೀತೀನಿ. ಅವಕ್ಕ ನೀ ಏನೂ ಕೊಡಬ್ಯಾಡ."

ಅಜ್ಜಿ, "ಅದೂ ತ್ರಾಸ ಅದ" ಎಂದಳು. "ರಾತ್ರಿ ಮೋರಿ ಮೂಲ್ಯಾಗೂ ಒಂದ ತುತ್ತ ಇಟ್ಟೀನಿ. ಇವುಗಳ ಕಡೆಯವರು ಹುಡುಕ್ಕೋತ ಬಂದ್ರ ಖಾಲಿ ಹೊಟ್ಟೀಲೆ ಕಳಸೂದೇನ? ಯಾವದು ಉಂಡದ, ಯಾವದು ಉಂಡಿಲ್ಲ, ಈಗ ಹ್ಯಾಂಗ ಹೇಳೂದು?"

ಅಂದರೆ ಒಂದೇ ರಾತ್ರಿಯಲ್ಲಿ ಇಡೀ ಬಿಲ್ಡಿಂಗಿನ ಜಿರಳೆ ಸಂತಾನವೇ ನಮ್ಮ ಅತಿಥಿಗಳಾಗಿಬಿಟ್ಟಿದ್ದವು. ಎದುರು ಮನೆಯ ಉಡುಪಿ ಕಡೆಯ ಅಮ್ಮ ವಿಷಯ ತಿಳಿದು, "ನಮ್ಮದು ತಕ್ಕೊಂಡು ಹೋಗು ಮಗಾ, ನಾವು ಯಾರಿಗೂ ಬಡಿಸ್ಲಿಲ್ಲ" ಎಂದು ಧಾರಾಳವಾಗಿ ಹೇಳಿದರು. ಅಜ್ಜಿ ಒಪ್ಪಲಿಲ್ಲ. ಎರಡೂ ಮನೆಗೆ ಮೋರಿ ಪೈಪು ಒಂದೇ. ನಮ್ಮಲ್ಲಿ ಉಂಡು ಅವರಲ್ಲಿ ಮಲಗಿರಬಹುದಲ್ಲ?

ಫ್ರೇನಿಗೆ ಫೋನು ಮಾಡಲು ಕೆಳಗಿನ ಅಂಗಡಿಗೆ ಹೋದೆ. ನಡೆದದ್ದನ್ನೆಲ್ಲ ಕೇಳಿ ಅವಳು, "ಯುವರ್ ಗ್ರ್ಯಾನಿ ಈಸ್ ಮ್ಯಾಡ್, ಡಾರ್ಲಿಂಗ್" ಎಂದು ಪ್ರೀತಿಯಿಂದ ಹೇಳಿದಳು. ಕೊನೆಗೆ ಅವಳು ತನ್ನದನ್ನು ದಾದರಿನ ಒಂದು ಇರಾನಿ ಹೋಟೆಲಿನಿಂದ ತಂದಳು. ಬನ್ ಮಸ್ಕಾ ತಿಂದು ಬೆಳೆದ, ಹೊಳೆಹೊಳೆಯುವ ಜಿರಳೆ. ಆದರೆ ಕದ್ದು ತಿಂದದ್ದು, ಹಾಗಾಗಿ ಧರ್ಮಕ್ಕೆ ಅಡ್ಡಿಯಿಲ್ಲ.

ಪರೀಕ್ಷೆಯ ಬೆಳಿಗ್ಗೆ ನಾನು ಅಳುತ್ತ ಜಡೆ ಹಾಕಿಕೊಳ್ಳುತ್ತಿದ್ದೆ. ಅವ್ವನೂ ಅಳುತ್ತಿದ್ದಳು. ಅವಳಿಗೆ ನಾನು ಬಿ.ಎ. ಆಗುವುದು ನನಗಿಂತ ಹೆಚ್ಚು ಬೇಕಾಗಿತ್ತು. ಅಜ್ಜಿ ಮಾತ್ರ ಹೊರಗೆ ಹೋಗುವ ಶಾಲು ಹೊದ್ದು, ಬಾಟಲಿ ಸೆರಗಿನಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನಡಿ. ನಾನೂ ಬರ್ತೀನಿ. ಆ ಸಿಸ್ಟರಬಾಯಿ ಮುಂದ ನಾ ಮಾತಾಡ್ತೀನಿ. ಅಕಿನೂ ದೇವರ ಕೆಲಸ ಮಾಡೋಕಿ, ತಿಳೀತದ."

ಅಪ್ಪ ಶೂ ಲೇಸು ಕಟ್ಟುವುದನ್ನು ಅರ್ಧಕ್ಕೆ ಬಿಟ್ಟು ಆಫೀಸಿಗೆ ಓಡಿದರು.

ಬಸ್ಸಿನಲ್ಲಿ ಅಜ್ಜಿ ಕಿಟಕಿಯ ಪಕ್ಕ ಕೂತು ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡಳು, ಒಳಗಿನವರಿಗೂ ಮುಂಬಯಿ ಕಾಣಲಿ ಎಂಬಂತೆ. ಕಂಡಕ್ಟರ್ ಬಗ್ಗಿ ನೋಡಿ, ಇದೇನು ಎಂದು ಕೇಳಿದ.

"ಆಜೀ, ಹೇ ಕಾಯ್ ಆಹೇ?"

"ಪಾಹುಣೇ," ಎಂದಳು ಅಜ್ಜಿ ಸಹಜವಾಗಿ, ನೆಂಟರು ಎಂದು.

ಕಂಡಕ್ಟರ್ ಇನ್ನೊಮ್ಮೆ ನೋಡಿ, ಹಾಗಾದರೆ ಅವರ ಟಿಕೀಟು ಎಂದ. "ಮಗ್ ತ್ಯಾಂಚ ತಿಕೀಟ?"

"ಮಾಂಡೀವರ್ ಬಸಲೇತ," ತೊಡೆಯ ಮೇಲೆ ಕೂತಿದ್ದಾರೆ, ಎಂದಳು ಅಜ್ಜಿ. ತೊಡೆಯ ಮೇಲಿನ ಮಕ್ಕಳಿಗೆ ಟಿಕೀಟಿಲ್ಲ ಎಂಬ ಕಾಯಿದೆ ಅವಳಿಗೆ ಗೊತ್ತಿತ್ತು. ನಾನು ಮಾತ್ರ ಆ ಮುದುಕಿ ಯಾರೋ, ನನಗೆ ಸಂಬಂಧವಿಲ್ಲ ಎಂಬಂತೆ ಎದುರು ಸೀಟಿನ ಬೆನ್ನನ್ನು ಓದುತ್ತಿದ್ದೆ.

ಲ್ಯಾಬಿನಲ್ಲಿ ಹುಡುಗಿಯರು ಆಗಲೇ ಏಪ್ರನ್ ಕಟ್ಟಿಕೊಂಡಿದ್ದರು. ಕ್ಲೋರೋಫಾರ್ಮಿನ ವಾಸನೆ. ಬಾಗಿಲಲ್ಲಿ ಒಂಬತ್ತು ಗಜದ ಸೀರೆ ಕಂಡದ್ದೇ ಸಿಸ್ಟರ್ ರೋಸಲಿನ್ ಎದ್ದು ಬಂದರು. ಅವರು ಮಂಗಳೂರು ಕಡೆಯವರು, ಆದರೆ ಕಾಲೇಜಿನಲ್ಲಿ ಅವರ ಬಾಯಿಂದ ಒಂದು ಅಕ್ಷರ ಕನ್ನಡ ನಾವು ಕೇಳಿರಲಿಲ್ಲ. ಅಜ್ಜಿ ಬಾಟಲಿಯನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ರೊಟ್ಟಿ, ಚಟ್ನಿ, ಮೋರಿ ಮೂಲೆಯ ತುತ್ತು, ಒಂದನ್ನೂ ಬಿಡಲಿಲ್ಲ.

ಸಿಸ್ಟರ್ ತಲೆಯ ಮೇಲಿನ ಬಟ್ಟೆ ಸರಿ ಮಾಡಿಕೊಂಡು, "ಕುಳಿತುಕೊಳ್ಳಿ ಅಜ್ಜಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಎಂತ ಮಾರಾಯ್ತಿ, ಪರೀಕ್ಷೆಗೆ ತಂದದ್ದಕ್ಕೆ ಊಟ ಹಾಕುವುದುಂಟಾ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸುತ್ತ ಹುಡುಗಿಯರು ಸ್ಕಾಲ್ಪೆಲ್ ಎತ್ತಿ ಹಿಡಿದು ಕಾಯುತ್ತಿದ್ದರು.

"ಸಿಸ್ಟರಬಾಯಿ," ಎಂದಳು ಅಜ್ಜಿ, "ನಿಮ್ಮ ಮನಿಗೆ ಬಂದು ಉಂಡವರನ್ನ ನೀವು ಕೊಯ್ತೀರೇನು?"

ಸಿಸ್ಟರ್ ತುಟಿ ಬಿಗಿಹಿಡಿದರು. ಆ ತುಟಿಯ ಹಿಂದೆ ಏನಿದೆ ಎಂದು ನನಗೆ ತಿಳಿಯಲಿಲ್ಲ. ಸಿಟ್ಟೇ ಇರಬೇಕು ಅಂದುಕೊಂಡೆ. "ಕೊಯ್ಯುವುದಿಲ್ಲ" ಎಂದರು. ಆಮೇಲೆ ಇಂಗ್ಲಿಷಿನಲ್ಲಿ ನನಗೆ, ಹಾಗಾದರೆ ಬಾಯಿಮಾತಿನಲ್ಲೇ ಪರೀಕ್ಷೆ, ಕಷ್ಟದ ಪ್ರಶ್ನೆ ಕೇಳುತ್ತೇನೆ ಎಂದರು.

ಕೇಳಿದರು. ಕಾಲುಗಳ ಬಗ್ಗೆ, ರೆಕ್ಕೆಗಳ ಬಗ್ಗೆ, ಮೀಸೆಯನ್ನು ಬಾಯಲ್ಲಿ ಎಳೆದುಕೊಂಡು ತೊಳೆಯುವುದರ ಬಗ್ಗೆ. ಎರಡು ದಿನ ಕಿಟಕಿಯಲ್ಲಿ ಅವನ್ನೇ ನೋಡುತ್ತ ಅತ್ತಿದ್ದರಿಂದ ಉತ್ತರಗಳು ಬಂದವು. ಕೊನೆಗೆ ಸಿಸ್ಟರ್, "ಹೌ ಡೂ ಯೂ ನೋ ದಿ ಮೇಲ್?" ಎಂದರು.

ಗಂಡು ಜಿರಳೆಗೆ ಹಿಂಭಾಗದಲ್ಲಿ ಎರಡು ಸಣ್ಣ ಎಳೆಗಳಿರುತ್ತವೆ. ಅದರ ಹೆಸರು ನೋಟ್ಸಿನಲ್ಲಿತ್ತು, ನನಗೆ ಬಾಯಿಪಾಠವೂ ಇತ್ತು. ಆದರೆ ಹಿಂಭಾಗವನ್ನು ನೇರವಾಗಿಯೇ ಹೆಸರಿಸುವ ಅದರ ಮೊದಲ ಶಬ್ದವನ್ನು ಕಾನ್ವೆಂಟಿನಲ್ಲಿ ಬೆಳೆದ ಹುಡುಗಿ ಸಿಸ್ಟರೊಬ್ಬರ ಮುಖ ನೋಡಿಕೊಂಡು ಹೇಳುವುದು ಹೇಗೆ?

"ದಿ ಮೇಲ್ ಹ್ಯಾಸ್ ಎಕ್ಸ್‌ಟ್ರಾ ಥ್ರೆಡ್ಸ್, ಸಿಸ್ಟರ್."

"ವೇರ್?"

"ಬಿಹೈಂಡ್, ಸಿಸ್ಟರ್."

"ಬಿಹೈಂಡ್ ವಾಟ್?"

"ಬಿಹೈಂಡ್ ಎವ್ರಿಥಿಂಗ್, ಸಿಸ್ಟರ್."

ಫ್ರೇನಿಯ ಕೈಯಿಂದ ಚಿಮಟ ಬಿತ್ತು. ಅಜ್ಜಿಗೆ ಪ್ರಶ್ನೆ ಏನೆಂದು ಯಾರೋ ಹಿಂದಿಯಲ್ಲಿ ಹೇಳಿದರು. ಅಜ್ಜಿ ಬಾಟಲಿಯ ಕಡೆ ಬೆರಳು ತೋರಿಸಿ, "ಅದರಾಗೇನ ಅದ? ಮುಂದ ಬಂದು ಗಬಗಬ ಉಣ್ಣೂದು ಗಂಡ. ಮೂಲ್ಯಾಗ ಕೂತು, ಅಂವಾ ಬಿಟ್ಟಿದ್ದನ್ನ ಉಣ್ಣೂದು ಹೆಂಡ್ತಿ" ಎಂದಳು.

ಸಿಸ್ಟರ್ ಭೂತಗನ್ನಡಿ ಹಿಡಿದು ಬಾಟಲಿಯನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. "ಅಜ್ಜಿ, ಎರಡೂ ಹೆಣ್ಣು."

"ಅದಕ್ಕ ನೋಡ್ರಿ," ಎಂದಳು ಅಜ್ಜಿ ಒಂದು ಕ್ಷಣವೂ ತಡೆಯದೆ, "ಎರಡು ದಿನದಿಂದ ಒಂದು ಜಗಳಿಲ್ಲ."

ಆಗ ಸಿಸ್ಟರ್ ನಕ್ಕರು. ಮೇಜು ಹಿಡಿದುಕೊಂಡು, ಕನ್ನಡಕ ತೆಗೆದು, ಕಣ್ಣು ಒರೆಸಿಕೊಂಡು ನಕ್ಕರು. ಎರಡೂ ಹೆಣ್ಣೆಂದ ಮೇಲೆ ಬರಿಗೈಯಲ್ಲಿ ಕಳಿಸುವಂತಿಲ್ಲ ಎಂದು ಅಜ್ಜಿ ಸೊಂಟದ ಚೀಲದಿಂದ ಕುಂಕುಮದ ಡಬ್ಬಿ ತೆಗೆದು ಬಾಟಲಿಗೆ ಒಂದು ಬೊಟ್ಟು ಇಟ್ಟಳು. ಅವನ್ನು ಬಿಡಲು ಕಾಲೇಜಿನ ತೋಟವೇ ಛಲೋ, ಇದೂ ಹೆಣ್ಮಕ್ಕಳೇ ಇರೋ ಮನಿ ಎಂದಳು. ಸಿಸ್ಟರ್ ತಾವೇ ಮುಂದಾಗಿ ದಾರಿ ತೋರಿಸಿದರು. ಕ್ರೋಟನ್ ಗಿಡಗಳ ಬುಡದಲ್ಲಿ ನೆಂಟರು ಹಿಂತಿರುಗಿ ನೋಡದೆ ಹೋದರು. ಮುಂದೆ ಕಾಲೇಜಿನ ಕ್ಯಾಂಟೀನಿನಲ್ಲಿ ಅವುಗಳ ವಂಶ ಬಹಳ ಏಳಿಗೆ ಕಂಡಿತೆಂದು ಕೇಳಿದ್ದೇನೆ.

ರಿಸಲ್ಟ್ ಬೋರ್ಡಿನಲ್ಲಿ ಎಲ್ಲರ ಹೆಸರಿನ ಮುಂದೆ ಜಿ.ಇ. ಪಾಸ್ ಎಂದಿತ್ತು. ನನ್ನ ಹೆಸರಿನ ಮುಂದೆ ಮಾತ್ರ 'ಎಕ್ಸೆಂಪ್ಟೆಡ್' ಎಂದಿತ್ತು. ಕಾರಣದ ಜಾಗದಲ್ಲಿ ಬೇರೆಯವರಿಗೆ ಕಾಮಾಲೆ, ಟೈಫಾಯಿಡ್ ಎಂದು ಬರೆಯುವುದು ರೂಢಿ. ಸಿಸ್ಟರ್ ರೋಸಲಿನ್ ತಮ್ಮ ದುಂಡು ಅಕ್ಷರದಲ್ಲಿ 'ಹಾಸ್ಪಿಟಾಲಿಟಿ' ಎಂದು ಬರೆದಿದ್ದರು.

ಜೂನಿಯರ್ ಬಿ.ಎ.ಗೆ ಅಷ್ಟು ಸಾಕಿತ್ತು. ಆದರೆ ದೊಡ್ಡಪ್ಪನಿಗೆ?

ಅವರು ರಜೆ ಮುಗಿಯುವ ಮೊದಲೇ ಬಂದರು, ಗದಗಿನ ಬ್ಯಾಂಕಿನ ಹುಡುಗನೊಬ್ಬನ ಫೋಟೋ ಸಮೇತ. ಕಾಲು ತೊಳೆದುಕೊಂಡು ಕೂತ ಕೂಡಲೇ, "ಪಾಸೋ ಫೇಲೋ?" ಎಂದರು. ಅಪ್ಪ ಸುಳ್ಳು ಹೇಳಲಾರದೆ, ನಿಜ ಹೇಳಲಾರದೆ, "ಎಕ್ಸೆಂಪ್ಟೆಡ್ ಅಣ್ಣಾ" ಎಂದು ಜಿರಳೆಯ ಕತೆ ಹೇಳಿದರು.

"ಅಂದ್ರ ಮಾಫ್ ಮಾಡ್ಯಾರ. ಮಾಫ್ ಆದದ್ದಕ್ಕ ಪಾಸ್ ಅನ್ನಂಗಿಲ್ಲ. ಮೂವತ್ತ ವರ್ಷ ಫೈಲ್ ನೋಡೀನಿ, ನನಗ ಗೊತ್ತದ. ಅವ್ವಾ, ನೀ ಏನಂತಿ?"

ಅಜ್ಜಿ ಒಳಗಿನಿಂದ, "ಲಗ್ನಾನೂ ಛಲೋ, ಕಾಲೇಜೂ ಛಲೋ. ಮೊದಲ ಉಣ್ಣು" ಎಂದಳು. ಅಜ್ಜಿಯ ಕರುಣೆ ಉಂಡವರಿಗೆಲ್ಲ ಸಮನಾಗಿ ಸಲ್ಲುತ್ತಿತ್ತು, ನನಗೆಂದು ಬೇರೆ ಪಾಲು ಇರಲಿಲ್ಲ.

ದೊಡ್ಡಪ್ಪ ನನ್ನನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡರು. ಫೋಟೋ ಅವರ ಮೊಳಕಾಲ ಮೇಲಿತ್ತು. ಬ್ಯಾಂಕಿನ ಹುಡುಗ ನನ್ನನ್ನೇ ನೋಡುತ್ತಿದ್ದ. ಬಾಗಿಲ ಮರೆಯಲ್ಲಿ ಅವ್ವನ ಬಳೆಯ ಸದ್ದು ನಿಂತಿತು.

"ಅಲ್ಲ ಸುಮಿ, ಇಂಗ್ಲಿಷ್ ಓದೋ ಹುಡುಗಿಗೆ ಜಿರಳಿ ಯಾಕ? ಕಲಿತದ್ದಾದ್ರೂ ಏನು? ಹೇಳು, ಕೇಳೂಣ."

ನನಗೆ ಎಲ್ಲ ಮರೆತುಹೋಯಿತು. ಕಾಲು ರೆಕ್ಕೆ ಮೀಸೆ ಯಾವುದೂ ನೆನಪಾಗಲಿಲ್ಲ. ಸಿಸ್ಟರ್ ಯಾವಾಗಲೋ ಕ್ಲಾಸಿನಲ್ಲಿ ಹೇಳಿದ್ದ ಒಂದೇ ಒಂದು ಮಾತು ಬಾಯಿಗೆ ಬಂತು.

"ದೊಡ್ಡಪ್ಪ, ಜಿರಳಿ ತಲಿ ಹೋದ ಮ್ಯಾಲೂ ಒಂದ ವಾರ ಬದಕಿರ್ತದ."

"ತಲಿ ಇಲ್ದ?"

"ಹೌದು. ಅದು ಮೂಗಿಲೆ ಉಸಿರಾಡೂದಿಲ್ಲ, ಮೈ ಪಕ್ಕಕ್ಕ ಸಣ್ಣ ತೂತ ಇರ್ತಾವ, ಅದರಿಂದ. ತಲಿ ಇಲ್ದನ ಅಡ್ಡಾಡ್ತದ. ಉಣ್ಣಾಕ ಬಾಯಿ ಇಲ್ಲಂತ ಕಡೀಕ ಸಾಯ್ತದ."

ಸ್ಟೇಷನ್ನಿಗೆ ಒಂದು ಲೋಕಲ್ ಗಾಡಿ ಬಂದು, ನಿಂತು, ಹೋಯಿತು.

"ನಮ್ಮ ಕಚೇರಿಗೆ ಒಬ್ಬ ಸಾಹೇಬ ಬಂದಿದ್ದ," ಎಂದರು ದೊಡ್ಡಪ್ಪ ನಿಧಾನವಾಗಿ. "ಅಂವಾ ಹಂಗ ರಿಟೈರ್ ಆಗೂ ತನಕ ನಡಸಿದ. ಬಾಯಿ ಇತ್ತಲ್ಲ, ಉಣ್ಣಾಕ."

ಅಪ್ಪನಿಗೆ ನಗಬೇಕೋ ಬಾರದೋ ತಿಳಿಯಲಿಲ್ಲ. ದೊಡ್ಡಪ್ಪನ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಕಡೆಗೆ ಮುಖಕ್ಕೆ ಸುದ್ದಿ ಮುಟ್ಟಿತು. ಅವರು ನಗುವುದನ್ನು ನಾವ್ಯಾರೂ ಅದಕ್ಕಿಂತ ಮೊದಲು ಕಂಡಿರಲಿಲ್ಲ. ಅಜ್ಜಿ ಗಾಬರಿಯಾಗಿ ನೀರು ತಂದಳು. ನೀರು ಕುಡಿದು, ಬ್ಯಾಂಕಿನ ಹುಡುಗನನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ದೊಡ್ಡಪ್ಪ ಎಲೆಯ ಮುಂದೆ ಕೂತರು. ಊಟದ ನಡುವೆ ಮತ್ತೆ ಒಮ್ಮೆ ಆ ಸಾಹೇಬ ನೆನಪಾಗಿ ಸಾರು ನೆತ್ತಿಗೇರಿತು.

"ಓದ್ಲಿ ಬಿಡು," ಎಂದರು ಅಪ್ಪನಿಗೆ, ಕೆಮ್ಮುತ್ತಲೇ.

ಎರಡು ದಿನ ಬಿಟ್ಟು ಅವರನ್ನು ವಿ.ಟಿ. ಸ್ಟೇಷನ್ನಿನಲ್ಲಿ ಗಾಡಿ ಹತ್ತಿಸಲು ನಾನೂ ಹೋಗಿದ್ದೆ. ಗಾಡಿ ಹೊರಡುವ ಹೊತ್ತಿಗೆ ದೊಡ್ಡಪ್ಪ ಕಿಟಕಿಯ ಸರಳಿಗೆ ಮುಖ ಒತ್ತಿ ನನ್ನನ್ನು ಹತ್ತಿರ ಕರೆದರು. ಅಪ್ಪನಿಗೆ ಕೇಳಿಸದ ಹಾಗೆ ದನಿ ಇಳಿಸಿದರು.

"ಸುಮಿ, ಅದು ಖರೇ ಏನ, ಇಲ್ಲ ಲಗ್ನ ತಪ್ಪಿಸಿಕೊಳ್ಳಾಕ ಹೇಳಿದ್ದ?"

"ಖರೇ, ದೊಡ್ಡಪ್ಪ."

ಗಾಡಿ ಚಲಿಸಿತು. ಅವರು ತಲೆಯಾಡಿಸುತ್ತ ಏನೋ ಅಂದರು. ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ, ಆದರೆ ಪ್ಲಾಟ್‌ಫಾರ್ಮ್ ಮುಗಿಯುವ ತನಕ ಅವರ ಭುಜ ಅಲುಗುತ್ತಿದ್ದದ್ದು ಕಾಣುತ್ತಿತ್ತು. ಮುಂದಿನ ಸೋಮವಾರ ನಾನು ಲಿಟರೇಚರ್ ಕ್ಲಾಸಿನ ಮೊದಲ ಬೆಂಚಿನಲ್ಲಿ ಕೂತಿದ್ದೆ.